ಗೋಡೆ ಎದ್ದಿತು, ಮನೆಗಳು ಏಳಲಿಲ್ಲ: ನೆರೆಹೊರೆಯ ಪುನರುಜ್ಜೀವನ ಮತ್ತು ಪಾಲನಾ ಸೇವೆ

ನೆಹೆಮೀಯನ ಗ್ರಂಥವನ್ನು ಓದುವಾಗ ನಾವು ಸಾಮಾನ್ಯವಾಗಿ ಜೆರುಸಲೇಮಿನ ಗೋಡೆ 52 ದಿನಗಳಲ್ಲಿ ಪೂರ್ಣಗೊಂಡ ಸಂಭ್ರಮದಲ್ಲಿಯೇ (6:15) ನಿಂತುಬಿಡುತ್ತೇವೆ. ಆದರೆ ಅದರ ಮುಂದಿನ ಅಧ್ಯಾಯದಲ್ಲಿ ಒಂದು ಕಹಿ ಸತ್ಯವಿದೆ. ಪಟ್ಟಣ ವಿಶಾಲವಾಗಿತ್ತು, ಒಳಗಿದ್ದ ಜನರು ಕೆಲವರೇ. ಮನೆಗಳು ಇನ್ನೂ ಎದ್ದಿರಲಿಲ್ಲ (7:4). ಕಲ್ಲಿನ ರಕ್ಷಣೆಯೂ ಜನರ ವಾಸವೂ ಒಂದೇ ಅಲ್ಲವೆಂಬುದನ್ನು ಪವಿತ್ರ ಗ್ರಂಥ ಇಲ್ಲಿ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಪರಿಸರದಲ್ಲಿ ಸೇವೆ ಸಲ್ಲಿಸಲಿರುವ ಗುರು ಅಭ್ಯರ್ಥಿಗಳು ಈ ವಚನವನ್ನು ಮತ್ತೆ ಮತ್ತೆ ಓದಬೇಕಾಗಿದೆ.

1. ಹಂಪಿಯ ಬೀದಿ

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಅದರಿಂದ ಹೊರಬಂದವು. ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯ ಕಲ್ಲಿನ ಸಾಲುಮಂಟಪಗಳಲ್ಲಿ ಹಾಗೂ ಅವುಗಳ ಆಸುಪಾಸಿನಲ್ಲಿ ತಲೆಮಾರಿನಿಂದ ಕುಟುಂಬಗಳು ಬದುಕಿದ್ದವು. ಅಂಗಡಿ, ಖಾನಾವಳಿ, ಬಾಡಿಗೆ ಕೋಣೆಗಳೇ ಅವರ ಜೀವನೋಪಾಯವಾಗಿದ್ದವು. 2011ರ ಜುಲೈ ಕೊನೆಯಲ್ಲಿ, ಅತ್ಯಲ್ಪ ಕಾಲದ ಸೂಚನೆಯ ನಂತರ, ಈ ವಸತಿಗಳನ್ನು ತೆರವುಗೊಳಿಸಲಾಯಿತು. ಪುನರ್ವಸತಿಗೆ ಗೊತ್ತುಮಾಡಿದ ಜಾಗ ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರ.

ಇಲ್ಲಿ ನ್ಯಾಯದ ಎರಡು ಹಕ್ಕೊತ್ತಾಯಗಳಿವೆ. ಮಂಟಪಗಳಿಗೆ ಗೋಡೆ ಸೇರಿಸಿ ಕಟ್ಟಿದ್ದರಿಂದ ಸ್ಮಾರಕಕ್ಕೆ ಹಾನಿಯಾಗುತ್ತಿತ್ತೆಂಬ ಕಳವಳವನ್ನು ತಳ್ಳಿಹಾಕಲಾಗದು. ಪರಂಪರೆ ಮುಂದಿನ ಪೀಳಿಗೆಯ ಸೊತ್ತೂ ಹೌದು. ಆದರೆ ಆ ಬೀದಿ ಮೂಲತಃ ಪೇಟೆಯೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಈ ನಗರದ ಪೇಟೆಬೀದಿಗಳ ಬಗ್ಗೆಯೂ ಬರೆದಿಟ್ಟಿದ್ದಾನೆ. ಕೊಡುಕೊಳ್ಳುವಿಕೆಯಿಲ್ಲದ ಪೇಟೆಯನ್ನು ಉಳಿಸಿದಾಗ ನಾವು ಉಳಿಸಿದ್ದೇನು? ಮನೆಯನ್ನು ಸ್ಥಳಾಂತರಿಸಬಹುದು, ಗಿರಾಕಿಯನ್ನೂ ನೆರೆಯವರನ್ನೂ ಅದರ ಜೊತೆ ಸ್ಥಳಾಂತರಿಸಲಾಗದು.

2. ಸಂಸ್ಕೃತಿ: ಪ್ರದರ್ಶನವೋ, ಜೀವನಾಧಾರವೋ?

ನದಿಯ ಆಚೆ ದಡದ ಆನೆಗೊಂದಿಯಲ್ಲಿ ಬೇರೊಂದು ದಾರಿ ಕಾಣಸಿಗುತ್ತದೆ. 1997ರಲ್ಲಿ ಶಮಾ ಪವಾರ್ ಅವರು ಆರಂಭಿಸಿದ ಕಿಷ್ಕಿಂದಾ ಟ್ರಸ್ಟ್ ಅಲ್ಲಿನ ಮಹಿಳೆಯರಿಗೆ ಬಾಳೆನಾರಿನ ಕರಕುಶಲ ಕೆಲಸ ಕಲಿಸಿತು. ಹಳೆಯ ಮನೆಗಳನ್ನು ಕೆಡವದೆ ದುರಸ್ತಿಗೊಳಿಸಿ ಬಳಕೆಗೆ ತರುವ ಕಾರ್ಯಕ್ಕೂ ಕೈಹಾಕಿತು. ಸಂಡೂರಿನಲ್ಲಿ, ಕಬ್ಬಿಣದ ಅದಿರಿನ ಗಣಿಗಾರಿಕೆಯ ಏರಿಳಿತಗಳ ನಡುವೆಯೂ, ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಮಹಿಳೆಯರ ಕಸೂತಿಯನ್ನು ದುಡಿಮೆಯ ಮೂಲವಾಗಿ ಉಳಿಸಿಕೊಂಡಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ–20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆ ಸಂತೋಷದ ಸಂಗತಿ. ಆದರೆ ಕಸೂತಿ ಹಾಕುವ ಕೈಗೆ ನಿಲ್ಲುವ ಸೂರು, ನಿಯಮಿತ ಆದಾಯ, ಬೆಲೆ ನಿರ್ಧರಿಸುವಲ್ಲಿ ಮಾತು ಇವು ದೊರೆತಾಗಲೇ ಸಂಸ್ಕೃತಿ ನೆರೆಹೊರೆಯನ್ನು ಎತ್ತಿ ನಿಲ್ಲಿಸುತ್ತದೆ.

3. ಧರ್ಮಸಭೆಯ ಬೋಧನೆ

ಈ ವಿವೇಚನೆಗೆ ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲಿ ಭದ್ರ ಆಧಾರಗಳಿವೆ. ದ್ವಿತೀಯ ವ್ಯಾಟಿಕನ್ ಮಹಾಸಭೆ ವಸತಿಯನ್ನು ಮಾನವೋಚಿತ ಬದುಕಿನ ಅಗತ್ಯಗಳ ಸಾಲಿನಲ್ಲಿರಿಸಿತು (ಗೌದಿಯುಮ್ ಎತ್ ಸ್ಪೆಸ್, 26). ಸಣ್ಣ ಸಮುದಾಯ ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡ ವ್ಯವಸ್ಥೆ ಕಸಿದುಕೊಳ್ಳಬಾರದೆಂಬ ಪೂರಕತೆಯ ತತ್ತ್ವವನ್ನು ಜಗದ್ಗುರು ಹನ್ನೊಂದನೆಯ ಪಿಯುಸ್ 1931ರಲ್ಲಿ ಸ್ಪಷ್ಟಪಡಿಸಿದರು. ಜಗದ್ಗುರು ಫ್ರಾನ್ಸಿಸ್ ಅವರ 2015ರ ವಿಶ್ವಪತ್ರ ‘ಲೌದಾತೊ ಸಿ’ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ ಬರುತ್ತದೆ: ಬಡವರ ವಸತಿಗಳನ್ನು ನೆಲಸಮ ಮಾಡುವುದಕ್ಕಿಂತ ಅಲ್ಲಿಯೇ ಅಭಿವೃದ್ಧಿಪಡಿಸಬೇಕು, ಸ್ಥಳಾಂತರ ಅನಿವಾರ್ಯವಾದರೆ ಮುಂಚಿತ ಮಾಹಿತಿ, ಯೋಗ್ಯ ವಸತಿಯ ಆಯ್ಕೆ ಮತ್ತು ಆ ಜನರ ಸಹಭಾಗಿತ್ವ ಇರಲೇಬೇಕು (152). ಹಂಪಿಯ ಘಟನೆಯನ್ನು ಈ ಮೂರು ಮಾನದಂಡಗಳಿಂದ ಅಳೆದಾಗ, ಸಂರಕ್ಷಣೆಯ ಉದ್ದೇಶ ಸರಿಯಿದ್ದರೂ ಅದರ ವಿಧಾನ ಪ್ರಶ್ನಾರ್ಹವಾಗುತ್ತದೆ.

4. ನಾಯಕತ್ವ ಮತ್ತು ಸೂರು

ನೆಹೆಮೀಯನ ಮೂರನೆಯ ಅಧ್ಯಾಯ ನೀರಸವಾದ ಹೆಸರುಪಟ್ಟಿಯಂತೆ ತೋರುತ್ತದೆ. ಆದರೆ ಅಕ್ಕಸಾಲಿಗರು, ಸುಗಂಧದ್ರವ್ಯ ತಯಾರಕರು, ಶಲ್ಲೂಮನ ಪುತ್ರಿಯರು, ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಕಟ್ಟಿದವರು ಎಲ್ಲರೂ ಅಲ್ಲಿದ್ದಾರೆ. ಐದನೆಯ ಅಧ್ಯಾಯದಲ್ಲಿ ಮನೆ ಹೊಲಗಳನ್ನು ಅಡವಿಟ್ಟ ಬಡವರ ಕೂಗು ಕೇಳಿದ ನೆಹೆಮೀಯನು ಸಾಲಗಾರ ಶ್ರೀಮಂತರನ್ನು ಸಭೆಯಲ್ಲಿ ಖಂಡಿಸಿ, ಆ ಆಸ್ತಿಯನ್ನು ಹಿಂದಿರುಗಿಸುವಂತೆ ಮಾಡುತ್ತಾನೆ. ನಾಯಕತ್ವವೆಂದರೆ ಇದೇ: ಕೆಲಸವನ್ನು ಹಂಚುವುದು, ಕೂಗನ್ನು ಆಲಿಸುವುದು.

ನಮ್ಮ ಸಂದರ್ಭದಲ್ಲಿ ಇದರ ಅರ್ಥವೇನು? ಸಂವಿಧಾನದ 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಂತೆ ಹೊಸಪೇಟೆಯ ಜನಸಂಖ್ಯೆ ಸುಮಾರು 2 ಲಕ್ಷ. ಕಂಪ್ಲಿ ಇನ್ನೂ ಚಿಕ್ಕದು. ಆದ್ದರಿಂದ ಇಲ್ಲಿ ಓಣಿಯ ದನಿ ತಾನಾಗಿಯೇ ಸಂಘಟಿತವಾಗಬೇಕು. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವು ಬೇಕಾದರೆ ನಿವೇಶನದ ದಾಖಲೆ ಬೇಕು. ಹಕ್ಕುಪತ್ರವಿಲ್ಲದ ಕುಟುಂಬ ಮೊದಲ ಮೆಟ್ಟಿಲಲ್ಲೇ ಉಳಿಯುತ್ತದೆ. ತುಂಗಭದ್ರಾ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ಕಂಪ್ಲಿಯ ಕೋಟೆ ಪ್ರದೇಶದ ನದಿಯಂಚಿನ ಮನೆಗಳಿಗೆ ನೀರು ನುಗ್ಗುತ್ತದೆ. ಅಲ್ಲಿಯವರಿಗೆ ತಾತ್ಕಾಲಿಕ ಗಂಜಿ ಕೇಂದ್ರ ಬೇಕು, ನಿಜ; ಅದು ಶಾಶ್ವತ ವಸತಿಗೆ ಪರ್ಯಾಯವಲ್ಲ.

ಧರ್ಮಕೇಂದ್ರದ ಗುರುಗಳು ಇಲ್ಲಿ ಗುತ್ತಿಗೆದಾರರಾಗಬೇಕಿಲ್ಲ, ಮುಖಂಡರೂ ಆಗಬೇಕಿಲ್ಲ. ಧರ್ಮಕೇಂದ್ರದ ಸಭಾಂಗಣವನ್ನು ಎಲ್ಲ ಧರ್ಮದ ನೆರೆಯವರ ಸಭೆಗೆ ತೆರೆಯಬಹುದು. ಯಾರ ಮನೆಗೆ ಹಕ್ಕುಪತ್ರವಿದೆ, ಯಾರಿಗಿಲ್ಲ ಎಂಬ ಪಟ್ಟಿಯನ್ನು ಓಣಿಯ ಮಹಿಳೆಯರೇ ಸಿದ್ಧಪಡಿಸಲು ನೆರವಾಗಬಹುದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳಿಗೆ ಮೀಸಲೆಂಬುದನ್ನು ತಿಳಿಸಿಕೊಡಬಹುದು.

ದೇವರ ವಾಕ್ಯವು ಮನುಷ್ಯರಾಗಿ ನಮ್ಮ ನಡುವೆ ಗುಡಾರ ಹೂಡಿದರೆಂದು ಸಂತ ಯೊವಾನ್ನರ ಮೂಲ ಗ್ರೀಕ್ ಪದ ಸೂಚಿಸುತ್ತದೆ (1:14). ನೆರೆಯವರಾಗಿ ಬಂದ ದೇವರನ್ನು ಆರಾಧಿಸುವ ನಾವು ನೆರೆಹೊರೆ ಚದುರಿಹೋಗುವುದನ್ನು ದೂರದಿಂದ ನೋಡುತ್ತ ಕೂರಲಾಗದು. ಹಂಪಿಗೆ ಭೇಟಿ ನೀಡುವ ಅಭ್ಯರ್ಥಿಗಳು ಗೋಪುರವನ್ನು ನೋಡಿದ ಮೇಲೆ ಒಮ್ಮೆ ಕಡ್ಡಿರಾಂಪುರಕ್ಕೂ ಹೋಗಿಬರಲಿ. ನೆಹೆಮೀಯನ ಏಳನೆಯ ಅಧ್ಯಾಯದ ಅರ್ಥ ಅಲ್ಲಿ ತೆರೆದುಕೊಳ್ಳುತ್ತದೆ.