ಸೀಟು ಸಿಕ್ಕಿತು, ದುಡ್ಡು ಯಾವಾಗ?

ಸಿಇಟಿ ಸೀಟು ಹಂಚಿಕೆಯಾದ ಮೇಲೆ ವಿದ್ಯಾರ್ಥಿಯ ಮುಂದೆ ನಾಲ್ಕು ಆಯ್ಕೆಗಳಿರುತ್ತವೆ. ಸೀಟು ಒಪ್ಪಿ ಕಾಲೇಜಿಗೆ ಸೇರಬಹುದು, ಒಪ್ಪಿಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯಬಹುದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗಬಹುದು, ಇಲ್ಲವೇ ಇದರ ಸಹವಾಸವೇ ಬೇಡವೆಂದು ಹೊರಬರಬಹುದು. ಆಯ್ಕೆಯ ಗುಂಡಿ ಒತ್ತುವವರು ಮಕ್ಕಳು. ಅದರ ಬೆಲೆ ತೆರುವವರು ಅಪ್ಪ ಅಮ್ಮ. ಸೀಟು ಒಪ್ಪಿ ಸೇರುವುದಾದರೆ ಕೆಲವೇ ದಿನಗಳ ಗಡುವಿನೊಳಗೆ ಶುಲ್ಕ ಕಟ್ಟಿ ಪ್ರವೇಶ ಪತ್ರ ಪಡೆಯಬೇಕು. ಆಗ ಮನೆಯಲ್ಲಿ ಏಳುವ ಪ್ರಶ್ನೆ, ‘ಸ್ಕಾಲರ್‌ಶಿಪ್ ಎಷ್ಟು ಬರುತ್ತದೆ?’ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಯಾವಾಗ ಬರುತ್ತದೆ? ನಮ್ಮ ರಾಜ್ಯದಲ್ಲಿ ಬಡ ಮತ್ತು ಮಧ್ಯಮ ವರ್ಗದ ಮಕ್ಕಳಿಗೆ ನೆರವಿನ ಯೋಜನೆಗಳಿಗೆ ಬರವಿಲ್ಲ. ಅವುಗಳಲ್ಲಿ ಬಹುಪಾಲು ಹೊತ್ತು ಮೀರಿ ಕೈಸೇರುತ್ತವೆ, ಹಾಗಾಗಿ ಕಾಗದದ ಮೇಲಿನ ಮೊತ್ತವನ್ನು ನಂಬಿ ಕಾಲೇಜು ಆರಿಸುವ ಕುಟುಂಬ ಸಾಲಕ್ಕೆ ಬೀಳುತ್ತದೆ ಎಂಬುದು ಈ ಲೇಖನದ ವಾದ.

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಹೊತ್ತಿಗೆ ಸಾಮಾನ್ಯವಾಗಿ ತರಗತಿಗಳು ಶುರುವಾಗಿರುತ್ತವೆ. ಅರ್ಜಿಯನ್ನು ಕಾಲೇಜು ಪರಿಶೀಲಿಸಬೇಕು, ಇಲಾಖೆ ಮಂಜೂರು ಮಾಡಬೇಕು, ಖಜಾನೆಯಿಂದ ಹಣ ಬಿಡುಗಡೆಯಾಗಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಿರುತ್ತದೆ, ಕೆಲವೊಮ್ಮೆ ಮುಗಿದೇ ಹೋಗಿರುತ್ತದೆ. ನಡುವಿನ ತಿಂಗಳುಗಳನ್ನು ತುಂಬುವುದು ಯಾವುದು? ಹೆಂಡತಿಯ ಸರ, ಸಹಕಾರ ಸಂಘದ ಸಾಲ, ಅದೂ ಇಲ್ಲದಿದ್ದರೆ ಕೈಸಾಲ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ 1 ಲಕ್ಷ ರೂಪಾಯಿ ತಂದರೆ ಎಂಟು ತಿಂಗಳಿಗೆ ಬಡ್ಡಿಯೇ 24,000 ರೂಪಾಯಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ಕೊಡುವ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚನ್ನು ಸಾಹುಕಾರ ಅಷ್ಟರಲ್ಲೇ ವಸೂಲಿ ಮಾಡಿರುತ್ತಾನೆ. ‘ತಡವಾದರೂ ಬಂದೇ ಬರುತ್ತದಲ್ಲ’ ಎನ್ನುವವರಿಗೆ ಈ ಲೆಕ್ಕವೇ ಉತ್ತರ. ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿಗೆ ರುಚಿ ಇದ್ದರೇನು?

ಇದಕ್ಕೆ ಹೋಲಿಸಿದರೆ ಜನ ಅಷ್ಟಾಗಿ ಗಮನಿಸದ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟಿನ ಮಹತ್ವ ತಿಳಿಯುತ್ತದೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿಯಾಗಿ ಸೃಷ್ಟಿಸುವ ಈ ಸೀಟುಗಳು ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಕುಟುಂಬದ ಮಕ್ಕಳಿಗೆ ಸಿಗುತ್ತವೆ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ. ಉಳಿದ ಶುಲ್ಕಗಳನ್ನು ಕಟ್ಟಲೇಬೇಕು. ಆದರೂ ಇದರಲ್ಲಿ ಹಣ ಕಟ್ಟಿ ಆಮೇಲೆ ವಾಪಸಿಗೆ ಕಾಯುವ ಮಾತಿಲ್ಲ, ಶುಲ್ಕ ಮೊದಲೇ ಕಡಿತವಾಗಿರುತ್ತದೆ. ವರ್ಷಕ್ಕೆ 40,000 ರೂಪಾಯಿಯ ಬೋಧನಾ ಶುಲ್ಕ ಮನ್ನಾ ಆಗುವುದಕ್ಕೂ, ಮುಂದಿನ ವರ್ಷ ಎಂದೋ ಒಂದು ದಿನ 50,000 ಖಾತೆಗೆ ಬೀಳುವುದಕ್ಕೂ ನಡುವೆ ಆರಿಸಿಕೊಳ್ಳಬೇಕಾದರೆ, ಕೈಯಲ್ಲಿ ಕಾಸಿಲ್ಲದ ಮನೆಗೆ ಮೊದಲನೆಯದೇ ದೊಡ್ಡದು.

ತಡಕ್ಕೆ ಸರ್ಕಾರವೊಂದೇ ಕಾರಣವಲ್ಲ ಎಂಬ ಮಾತಿನಲ್ಲೂ ಸತ್ಯವಿದೆ. ಅರ್ಜಿಗಳು ನಿಲ್ಲುವುದು ಬಹಳ ಸಲ ಚಿಲ್ಲರೆ ಕಾರಣಗಳಿಗೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದು ಅದರ ಆರ್‌ಡಿ ಸಂಖ್ಯೆಯನ್ನು ಪೋರ್ಟಲ್ ಒಪ್ಪುವುದಿಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಬ್ಯಾಂಕ್ ಖಾತೆಯ ತೊಡಕು. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ, ಆದರೆ ಸರ್ಕಾರದ ಹಣ ಹೋಗುವುದು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ನೇರ ಪಾವತಿಗೆಂದು ಆಧಾರ್ ಜೋಡಣೆ, ಆಗಿರುವ ಖಾತೆಗೆ. ಕೆವೈಸಿಗೆಂದು ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಮ್ಯಾಪಿಂಗ್ ಆಗಿರುವುದಿಲ್ಲ. ಅದಕ್ಕೆ ಬೇರೆಯಾಗಿ ಒಪ್ಪಿಗೆ ಬರೆದುಕೊಡಬೇಕು. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಕೊನೆಗೆ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ, ಮನೆಯವರು ಇನ್ನೊಂದರ ಪಾಸ್‌ಬುಕ್ಕನ್ನು ತಿಂಗಳುಗಟ್ಟಲೆ ಎಂಟ್ರಿ ಹಾಕಿಸುತ್ತ ಕೂರುತ್ತಾರೆ. ಇವೆಲ್ಲ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಸರಿಮಾಡಿಕೊಳ್ಳಬಹುದಾದವು.

ಬ್ಯಾಂಕ್ ಸಾಲ ಇದೆಯಲ್ಲ ಎಂಬುದು ಮುಂದಿನ ಆಕ್ಷೇಪ. ಇದೆ, ಅದರ ನಿಯಮಗಳೂ ನ್ಯಾಯವಾಗಿಯೇ ಇವೆ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ, ದೇಶದೊಳಗಿನ ಓದಿಗೆ 4 ಲಕ್ಷ ದಾಟಿದ ಸಾಲಕ್ಕೆ ಶೇ 5ರಷ್ಟನ್ನು ಮನೆಯವರು ಹಾಕಬೇಕು. ಸ್ಕಾಲರ್‌ಶಿಪ್ ಹಣವನ್ನೂ ಈ ಪಾಲಿಗೆ ಲೆಕ್ಕ ಹಿಡಿಯಬಹುದು. ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಆ ವರ್ಷಗಳಲ್ಲಿ ಬಡ್ಡಿ ನಿದ್ದೆ ಮಾಡುವುದಿಲ್ಲ. ವರ್ಷದ ಆರಂಭಕ್ಕೊಮ್ಮೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ, ಶೇ 10ರ ಸರಳ ಬಡ್ಡಿ ಎಂದಿಟ್ಟುಕೊಳ್ಳೋಣ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ 75,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ನಾಲ್ಕನೆಯದಕ್ಕೆ 30,000. ಮೊದಲ ಕಂತು ಕಟ್ಟುವ ದಿನ ಸಾಲ 8 ಲಕ್ಷ 10 ಸಾವಿರವಾಗಿರುತ್ತದೆ. ಈ 2 ಲಕ್ಷ 10 ಸಾವಿರವನ್ನು ಪೂರ್ತಿ ಕೇಂದ್ರವೇ ಭರಿಸುವ ಬಡ್ಡಿ ಸಹಾಯಧನ ಯೋಜನೆ 2009ರಿಂದ ಇದೆ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿರಬೇಕು. ಖಾಸಗಿ ಕಾಲೇಜಾದರೆ ಅದಕ್ಕೆ ನ್ಯಾಕ್ ಮಾನ್ಯತೆ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆದಾಯ 8 ಲಕ್ಷದವರೆಗಿರುವವರಿಗೂ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ, ಆದರೆ ಅದು ಗೊತ್ತುಮಾಡಿದ ಸಂಸ್ಥೆಗಳ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯುವವರಿಗೆ ಈ ರಿಯಾಯಿತಿ ಇಲ್ಲ. ನಮ್ಮ ಉದಾಹರಣೆಯಲ್ಲಿ ಶೇ 3 ಎಂದರೆ ಐದು ವರ್ಷಕ್ಕೆ 63,000 ರೂಪಾಯಿ. ಹೆಣ್ಣುಮಕ್ಕಳಿಗೆ ಎಐಸಿಟಿಇ ಕೊಡುವ ಪ್ರಗತಿ ವಿದ್ಯಾರ್ಥಿವೇತನವಾದರೋ ವರ್ಷಕ್ಕೇ 50,000. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೀಗೆ ಲೆಕ್ಕ ಹಾಕಿಯೇ ನೋಡಬೇಕು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಾಲೇಜಿನ ಮಾನ್ಯತೆ, ಅದು ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದು ಸೀಟು ಸಿಕ್ಕ ಮೇಲೆ ಬದಲಾಗುವುದಲ್ಲ. ಅಂದರೆ ಎರಡು ಲಕ್ಷದ ಬಡ್ಡಿ ಯಾರ ತಲೆಗೆ ಎಂಬುದು ತೀರ್ಮಾನವಾಗುವುದು ಕಾಲೇಜುಗಳ ಆದ್ಯತಾ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯ ದಿನ. ಮಕ್ಕಳು ಕಾಲೇಜಿನ ಹೆಸರು, ಬ್ರ್ಯಾಂಚು, ಗೆಳೆಯರು ಎಲ್ಲಿ ಸೇರುತ್ತಾರೆ ಎಂಬುದನ್ನು ನೋಡಿ ಪಟ್ಟಿ ಮಾಡುತ್ತಾರೆ, ತಪ್ಪೇನಲ್ಲ. ಅದರ ಪಕ್ಕದಲ್ಲಿ ಕೂತು ಈ ಮಾನ್ಯತೆಯ ಕಲಂ ತುಂಬುವುದು ದೊಡ್ಡವರ ಕೆಲಸ. ಸೀಟು ಬಂದ ಮೇಲೆ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ವಾದಿಸಿ ಫಲವಿಲ್ಲ.

‘ಸಾಲ ಮಾಡಿಯಾದರೂ ಒಳ್ಳೆಯ ಕಾಲೇಜಿಗೆ ಹಾಕಬೇಕು, ಕೆಲಸ ಸಿಕ್ಕರೆ ಎರಡು ವರ್ಷದಲ್ಲಿ ತೀರುತ್ತದೆ’ ಎನ್ನುವವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಒಳ್ಳೆಯ ಕಾಲೇಜು ಬದುಕನ್ನೇ ಬದಲಿಸಿದ ಮನೆಗಳು ಕರ್ನಾಟಕದ ಊರೂರಲ್ಲೂ ಇವೆ. ಆದರೆ 8 ಲಕ್ಷ 10 ಸಾವಿರದ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು 25,000 ಸಂಬಳಕ್ಕೆ ದುಡಿಯುವ ಹುಡುಗ ಇದನ್ನು ಕಟ್ಟಬಲ್ಲನೇ ಎಂದು ಕೇಳಿಕೊಳ್ಳಬೇಕು. ಎರಡು ಕಾಲೇಜುಗಳ ನಡುವಿನ ವ್ಯತ್ಯಾಸ ಕಲಿಕೆಯಲ್ಲಿದ್ದರೆ ಸಾಲ ಮಾಡುವುದು ಸರಿ, ಕಟ್ಟಡದಲ್ಲಿದ್ದರೆ ಸರಿಯಲ್ಲ. ಆದಾಯ ತೆರಿಗೆಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ ವಿನಾಯಿತಿ ಇದೆಯೆಂದು ಏಜೆಂಟರು ಹೇಳುವುದುಂಟು. ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಬಡ್ಡಿಗೆ ಮಾತ್ರ, ಎಂಟು ವರ್ಷ ಮಾತ್ರ.

ಬಡ ತಂದೆತಾಯಿ ಇಷ್ಟೊಂದು ಲೆಕ್ಕಪತ್ರ ಕಲಿಯಬೇಕೆನ್ನುವುದು ಅನ್ಯಾಯವಲ್ಲವೇ? ಖಂಡಿತ ಅನ್ಯಾಯ, ಇದನ್ನು ಸರಿಪಡಿಸುವ ದಾರಿ ಗೊತ್ತಿಲ್ಲದ್ದೂ ಅಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು 2020ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದಾಗ ಕೇಂದ್ರ ಮತ್ತು ರಾಜ್ಯದ ಪಾಲು 60:40 ಎಂದಾಯಿತು, ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಹೋಗಬೇಕೆಂದಾಯಿತು. ನೇರ ಖಾತೆಗೆ ಎಂಬುದರ ಹಿಂದೆ ಕಾರಣವಿದೆ: ಹಿಮಾಚಲ ಪ್ರದೇಶದಲ್ಲಿ ಖಾಸಗಿ ಸಂಸ್ಥೆಗಳು ವಿದ್ಯಾರ್ಥಿಗಳ ಹೆಸರಿನಲ್ಲಿ ಹಣ ನುಂಗಿದ ಪ್ರಕರಣ ಸಿಬಿಐ ತನಿಖೆಯವರೆಗೆ ಹೋಯಿತು. ಆದರೆ ಹಣ ಖಾತೆಗೆ ಬರುವವರೆಗೆ ಶುಲ್ಕ ಕಟ್ಟುವವರು ಯಾರು? ಅದಕ್ಕೂ ಅದೇ ಯೋಜನೆಯ ಮಾರ್ಗಸೂಚಿಯಲ್ಲಿ ಉತ್ತರವಿದೆ. ಅರ್ಹ ವಿದ್ಯಾರ್ಥಿಗೆ ಫ್ರೀಶಿಪ್ ಕಾರ್ಡ್ ಕೊಡಬೇಕು, ಅದನ್ನು ತೋರಿಸಿದರೆ ಮುಂಗಡ ಶುಲ್ಕವಿಲ್ಲದೆ ಕಾಲೇಜು ಸೇರಿಸಿಕೊಳ್ಳಬೇಕು. ಮೋಸ ತಡೆಯುವುದಕ್ಕೂ ಹೊತ್ತಿಗೆ ನೆರವು ಕೊಡುವುದಕ್ಕೂ ವಿರೋಧವಿಲ್ಲ ಎಂಬುದನ್ನು ಸರ್ಕಾರವೇ ಹೀಗೆ ಒಪ್ಪಿಕೊಂಡಿದೆ. ಈ ತತ್ವವನ್ನು ಉಳಿದ ವರ್ಗಗಳ ಬಡ ಮಕ್ಕಳಿಗೂ ವಿಸ್ತರಿಸಬೇಕು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಅರ್ಜಿಯಲ್ಲೇ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೇಳುತ್ತದೆ. ಸೀಟು ಹಂಚುವ ಹೊತ್ತಿಗೆ ಆ ಮಗುವಿನ ಜಾತಿ, ಮನೆಯ ಆದಾಯ, ಸೇರುವ ಕಾಲೇಜು, ಕಟ್ಟಬೇಕಾದ ಶುಲ್ಕ ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲಿ ಇರುತ್ತವೆ. ಅದೇ ಮಾಹಿತಿಯನ್ನು ತಿಂಗಳುಗಳ ನಂತರ ಮತ್ತೊಂದು ಪೋರ್ಟಲ್‌ನಲ್ಲಿ ಮತ್ತೆ ತುಂಬಿಸಿಕೊಳ್ಳುವುದಕ್ಕೆ ಅರ್ಥವಿಲ್ಲ. ವಿದ್ಯಾಸಿರಿಯಿಂದ ಹಿಡಿದು ಶೇ 2ರ ಬಡ್ಡಿಯ ಅರಿವು ಶಿಕ್ಷಣ ಸಾಲದವರೆಗೆ ಆ ವಿದ್ಯಾರ್ಥಿಗೆ ಸಲ್ಲುವ ನೆರವುಗಳ ತಾತ್ಕಾಲಿಕ ಮಂಜೂರಾತಿಯನ್ನು ಸೀಟು ಹಂಚಿಕೆ ಪತ್ರದಲ್ಲೇ ಮುದ್ರಿಸಿ, ಅಷ್ಟು ಹಣವನ್ನು ಮೊದಲ ಚಲನ್‌ನಲ್ಲೇ ಕಳೆಯಬೇಕು. ಮುಂದಿನ ಸಿಇಟಿ ಪ್ರಕಟಣೆ ಹೊರಡಿಸುವ ಮೊದಲು ಉನ್ನತ ಶಿಕ್ಷಣ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಲಿ.