ನಂಬರ ಸಿಕ್ಕಿತು, ವೇಳೆ ಸಿಗಲಿಲ್ಲ

ಅಕ್ಕಲಕೋಟ: ಬೆಳಗಿನ ಏಳು ಗಂಟೆ. ಪಟ್ಟಣದ ಒಂದು ಖಾಸಗಿ ದವಾಖಾನೆಯ ಶಟರ್ ಇನ್ನೂ ಇಳಿದೇ ಇದೆ. ಕಟ್ಟೆಯ ಮೇಲೆ ಮಾತ್ರ ಆಗಲೇ ಪಾಳಿ ಹತ್ತಿದೆ. ಪಾಳಿಯಲ್ಲಿ ಮನುಷ್ಯರಿಗಿಂತ ಚಪ್ಪಲಿ, ಕೈಚೀಲ, ನೀರಿನ ಬಾಟಲಿಗಳೇ ಹೆಚ್ಚು. ನಾಗಣಸೂರ, ತೋಳನೂರ, ಕರಜಗಿ, ಜೇವೂರ ಕಡೆಯಿಂದ ಮೊದಲ ಎಸ್‌ಟಿ ಹಿಡಿದು ಬಂದವರು ತಮ್ಮ ಬದಲಿಗೆ ಒಂದೊಂದು ಸಾಮಾನು ಇಟ್ಟು ಚಹಾದಂಗಡಿಗೆ ಹೋಗಿದ್ದಾರೆ. ಎಂಟಕ್ಕೆ ಕಂಪೌಂಡರ್ ಬಂದು ರಜಿಸ್ಟರ್ ತೆಗೆಯುತ್ತಾನೆ. ಡಾಕ್ಟರ್ ಬರುವುದು ಹತ್ತಕ್ಕೆ.

ಗಡಿ ಭಾಗದ ಕನ್ನಡಿಗರು ಇದಕ್ಕೆ ‘ನಂಬರ ಹಚ್ಚೂದು’ ಎನ್ನುತ್ತಾರೆ. ಮರಾಠಿಯ ‘ನಂಬರ ಲಾವಣೆ’ಗೆ ಇದು ಖಾಸಾ ತಮ್ಮ. ಫೋನ್ ಮೇಲೂ ನಂಬರ ಹಚ್ಚಬಹುದು. ಆದರೆ ಎಂಟಕ್ಕೆ ಶುರುವಾದ ‘ಬಿಜಿ’ ಸಪ್ಪಳ ನಿಂತು ಆ ಕಡೆಯವರು ಫೋನ್ ಎತ್ತುವಷ್ಟರಲ್ಲಿ ಮೂವತ್ತು ಹೆಸರು ಬರೆದಾಗಿರುತ್ತದೆ.

ನಂಬರ ಸಿಕ್ಕರೆ ಮುಗಿಯಿತೆ? ಇಲ್ಲ. ನಂಬರ ಅಂದರೆ ವೇಳೆ ಅಲ್ಲ. ‘ಯಾವಾಗ ಬರ್ಲಿರಿ?’ ಎಂದರೆ ‘ಬಂದು ಕುಂದರ್ರಿ’ ಎಂಬುದೇ ಉತ್ತರ. ಪಟ್ಟಣದವರು ಮನೆಗೆ ಹೋಗಿ ಊಟ ಮಾಡಿ ಬರುತ್ತಾರೆ. ಹಳ್ಳಿಯವರು ಕೂಡಬೇಕು, ಮಧ್ಯಾಹ್ನದ ಬಸ್ ತಪ್ಪಿದರೆ ಸಂಜೆಯವರೆಗೂ ಕೂಡಬೇಕು.

ಈ ವರದಿಗಾರನ ತಾಯಿಗೂ ಸಕ್ಕರೆ ಕಾಯಿಲೆ. ಒಂದು ದಿನ ಅವ್ವ ಬೆಳಗಿನ ಗುಳಿಗಿ ನುಂಗಿ, ‘ರಕ್ತಾ ತಪಾಸಣಿ ಐತಿ’ ಎಂದು ಏನೂ ತಿನ್ನದೆ ಬಂದಿದ್ದಳು. ನಂಬರ 37. ಹಳೆಯ ಚೀಟಿಯ ಝೆರಾಕ್ಸ್ ತರಲು ನಾನು ಹೊರಗೆ ಹೋದಾಗಲೇ ‘ಸದತೀಸ!’ ಎಂದು ಕೂಗಿದರು. ಅವ್ವನಿಗೆ ಮರಾಠಿ ತಿಳಿಯುತ್ತದೆ, ಆದರೆ ಇಪ್ಪತ್ತು ದಾಟಿದ ಎಣಿಕೆ ಎಂದರೆ ತೊಡಕು. ಕನ್ನಡದಲ್ಲಿ ಮೂವತ್ತರ ಮುಂದೆ ಏಳು ಇಟ್ಟರೆ ಮೂವತ್ತೇಳು. ಮರಾಠಿಯಲ್ಲಿ ಛತ್ತೀಸ, ಸದತೀಸ, ಅಡತೀಸ ಎಂದು ಒಂದೊಂದನ್ನೂ ಬಾಯಿಪಾಠ ಮಾಡಬೇಕು. ಎರಡು ಸಲ ಕೂಗಿ ಮುಂದಿನವರನ್ನು ಒಳಗೆ ಬಿಟ್ಟರು. ತಪ್ಪಿದ ನಂಬರ ಕೊನೆಗೆ ಹೋಗಬೇಕೆಂಬುದು ಅಲ್ಲಿಯ ಕಾಯಿದೆ.

ಒಂದು ಗಂಟೆಯ ಹೊತ್ತಿಗೆ ಅವ್ವನ ಕೈ ನಡುಗತೊಡಗಿತು, ಮೈಯೆಲ್ಲ ಬೆವರು. ಪಕ್ಕದಲ್ಲಿದ್ದ ದುಧನಿಯ ಹೆಣ್ಣುಮಗಳೊಬ್ಬಳು ಗುರುತು ಹಿಡಿದು ಚಹಾದಂಗಡಿಯಿಂದ ಸಕ್ಕರೆ ತಂದು ಬಾಯಿಗೆ ಹಾಕಿದಳು. ಗುಳಿಗಿ ತಗೊಂಡು ಉಪವಾಸ ಕೂತರೆ ರಕ್ತದ ಸಕ್ಕರೆ ಇಳಿಯುತ್ತದೆ, ಇಳಿದರೆ ಪ್ರಜ್ಞೆ ತಪ್ಪಲೂಬಹುದು. ದವಾಖಾನೆ ಬಾಗಿಲಲ್ಲೇ ಕೂತವರಿಗೆ ಹೀಗಾದರೆ ಯಾರಿಗೆ ಹೇಳಬೇಕು?

ಖಾಲಿ ಹೊಟ್ಟೆಯ ತಪಾಸಣೆಗೆ ಕನಿಷ್ಠ 8 ತಾಸು ಏನೂ ತಿನ್ನಬಾರದು, ನೀರು ನಡೆಯುತ್ತದೆ. ರಕ್ತ ಕೊಟ್ಟ ಮೇಲೆ ಊಟ ಮಾಡಿ, 2 ತಾಸಿಗೆ ಇನ್ನೊಮ್ಮೆ ಕೊಡಬೇಕು. ಡಾಕ್ಟರ್ ನೋಡುವವರೆಗೆ ಉಪವಾಸ ಇರಬೇಕೆಂದು ಎಷ್ಟೋ ಮಂದಿ ತಿಳಿದಿದ್ದಾರೆ, ಅದು ತಪ್ಪು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ತಪಾಸಣೆಗಂತೂ ಉಪವಾಸವೇ ಬೇಕಿಲ್ಲ. ಬೆಳಗಿನ ಗುಳಿಗಿ ತಗೋಬೇಕೋ ಬಿಡಬೇಕೋ ಎಂಬುದನ್ನು ನಂಬರ ಹಚ್ಚುವಾಗಲೇ ಕೇಳಿಕೊಳ್ಳುವುದು ಚಲೋ.

ಬಿ.ಕಾಂ. ಓದಿದ ಚಟ, ರಜಿಸ್ಟರ್ ಕಂಡರೆ ಲೆಕ್ಕ ಹಾಕುವುದು. ಹತ್ತರಿಂದ ಎರಡರವರೆಗೆ 240 ನಿಮಿಷ, ನಂಬರ 60. ತಲೆಗೆ 4 ನಿಮಿಷ. 37ನೇ ನಂಬರಿನ ಮುಂದೆ 36 ಜನ, ಅಂದರೆ ಪಾಳಿ ಬರುವುದು 12 ಗಂಟೆ 24 ನಿಮಿಷಕ್ಕೆ. ಅವ್ವ ಮನೆಯಲ್ಲಿ ರೊಟ್ಟಿ ತಿಂದು ಹನ್ನೆರಡಕ್ಕೆ ಬಂದರೂ ಸಾಕಿತ್ತು.

ಈ ಲೆಕ್ಕ ಹೇಳಿದಾಗ ಕಂಪೌಂಡರ್ ನಕ್ಕ. ‘ಒಬ್ರಿಗೆ ಎರಡ ಮಿನಿಟ, ಒಬ್ರಿಗೆ ಹದಿನೈದ. ನಡುವ ರಿಪೋರ್ಟ್ ತೋರಸವ್ರು, ಔಷಧ ಕಂಪನಿಯವ್ರು, ಊರ ಲೀಡರ್‌ಗೋಳು. ವೇಳಾ ಕೊಟ್ರ ವೇಳೇಕ್ಕ ಬರಂಗಿಲ್ರಿ, ಬಸ್ ತಡಾ ಆತಂದ್ರ ನನ್ನ ಕೂಡ ಜಗಳಾ’ ಎಂದ. ಅವನ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಮಿನಿಟಿನ ಲೆಕ್ಕ ಬೇಡ, ತಾಸಿನ ಲೆಕ್ಕ ಸಾಕು. ಹತ್ತರಿಂದ ಹನ್ನೊಂದಕ್ಕೆ 1ರಿಂದ 15, ಮುಂದಿನ ತಾಸಿಗೆ 16ರಿಂದ 30. ಚೀಟಿಯ ಮೇಲೆ ಇಷ್ಟು ಬರೆಯಲು ಯಾವ ಕಂಪ್ಯೂಟರೂ ಬೇಕಿಲ್ಲ.

ಹಚ್ಚುವವರ ಕಡೆಯಿಂದಲೂ ತಪ್ಪಿದೆ. ಬರುವುದಿಲ್ಲವೆಂದಾದರೆ ಒಂದು ಫೋನ್ ಮಾಡಿ ತಿಳಿಸುವವರು ಕಡಿಮೆ. ಬರೀ ‘ಮಲ್ಲಮ್ಮ’ ಎಂದು ಬರೆಸಿದರೆ ಒಂದೇ ಪುಟದಲ್ಲಿ ಮೂವರು ಮಲ್ಲಮ್ಮಂದಿರು. ಊರು, ಗಂಡನ ಇಲ್ಲವೆ ತಂದೆಯ ಹೆಸರು, ಹೊಸಬರೋ ಹಳಬರೋ ಎಂಬುದನ್ನು ಹೇಳಬೇಕು. ಮನೆ ಬಿಡುವ ಮುಂಚೆ ‘ಈಗ ಎಷ್ಟನೇ ನಂಬರ ನಡದೈತ್ರಿ’ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಎದೆನೋವು, ಉಸಿರಾಟದ ತೊಂದರೆ, ಹಾವು ಕಡಿತ, ಹೆರಿಗೆ ಬೇನೆಗೆ ನಂಬರಿನ ಮಾತೇ ಇಲ್ಲ. ಮಹಾರಾಷ್ಟ್ರದಲ್ಲಿ 2014ರಿಂದ 108 ಅಂಬ್ಯುಲನ್ಸ್ ಇದೆ.

ಸರಕಾರಿ ಗ್ರಾಮೀಣ ರುಗ್ಣಾಲಯದಲ್ಲಿ ಕೇಸ್ ಪೇಪರ್ ಮಾಡಿಸಿ ಪಾಳಿ ಹಚ್ಚಬೇಕು. ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ 2023ರ ಆಗಸ್ಟ್ 15ರಿಂದ ಇದಕ್ಕೆ ಹಣವಿಲ್ಲ. 2020ರಲ್ಲಿ ಮನೆಯಿಂದಲೇ ಡಾಕ್ಟರರನ್ನು ಕೇಳುವ ಇ-ಸಂಜೀವನಿ ಸೇವೆಯೂ ಶುರುವಾಯಿತು. ಅದಕ್ಕೆ ಮೊಬೈಲಿಗೆ ಬಂದ ಒಟಿಪಿ ಓದಬೇಕು, ಅವ್ವನಂಥವರಿಗೆ ಮೊಮ್ಮಗ ಶಾಲೆಯಿಂದ ಬಂದ ಮೇಲೆಯೇ ಅದು.

ಆ ದಿನದ ಗದ್ದಲದ ನಂತರ ಆ ದವಾಖಾನೆಯಲ್ಲಿ ಒಂದು ಬದಲಾವಣೆ ಆಗಿದೆ. ಹೋದ ಸಲ ಅವ್ವನ ನಂಬರ 29. ಲೆಕ್ಕದ ಪ್ರಕಾರ 11.52ಕ್ಕೆ ಬರಬೇಕಿತ್ತು, ಬಂದದ್ದು 12.20ಕ್ಕೆ. ‘ಏಕೋಣತೀಸ! ಇಪ್ಪತ್ತೊಂಬತ್ತು!’ ಎಂದು ಎರಡೂ ಭಾಷೆಯಲ್ಲಿ ಕೂಗಿದರು. ಅವ್ವ ತಾನೇ ಎದ್ದು ಒಳಗೆ ಹೋದಳು. ಒಂದೂವರೆಯ ಬಸ್ಸೂ ಸಿಕ್ಕಿತು.