ಹರೆಯದ ಆರೋಗ್ಯ: ಒಂದು ವಿವೇಚನೆ

ಮನುಷ್ಯನ ಆಯುಷ್ಯದ ಘಟ್ಟಗಳಿಗೆ ಕನ್ನಡವು ಕೊಟ್ಟಿರುವ ಹೆಸರುಗಳಲ್ಲಿ ಹರೆಯಕ್ಕೆ ಸಂಬಂಧಿಸಿದವು ವಿಶೇಷವಾಗಿ ಗಮನಿಸತಕ್ಕವು. ಹುಡುಗನ ವಿಷಯದಲ್ಲಿ ‘ಮೀಸೆ ಮೂಡಿತು’, ‘ಪ್ರಾಯಕ್ಕೆ ಬಂದ’ ಎಂದು ಜನ ಹೆಮ್ಮೆಯಿಂದಲೇ ಹೇಳುತ್ತಾರೆ. ಹುಡುಗಿಯ ವಿಷಯದಲ್ಲಿ ‘ಮೈನೆರೆದಳು’, ‘ದೊಡ್ಡವಳಾದಳು’ ಎಂಬ ಮಾತುಗಳುಂಟು. ಆದರೆ ಅದೇ ಹುಡುಗಿಗೆ ತಿಂಗಳು ತಿಂಗಳೂ ಆಗುವ ಸಹಜ ಕ್ರಿಯೆಯನ್ನು ಹೇಳಬೇಕಾದಾಗ ಭಾಷೆ ಒಮ್ಮೆಲೇ ದನಿ ತಗ್ಗಿಸುತ್ತದೆ. ‘ಹೊರಗಾದಳು’, ‘ದೂರ ಕುಳಿತಳು’, ‘ಕಾಗೆ ಮುಟ್ಟಿತು’ ಎಂದು ಮಾತು ಮರೆಯನ್ನು ಹುಡುಕುತ್ತದೆ. ಮೊದಲ ಸಲ ಆರತಿ ಎತ್ತಿ ಸಂಭ್ರಮಿಸಿದುದನ್ನೇ ಎರಡನೆಯ ತಿಂಗಳಿಂದ ಮುಚ್ಚಿಡುವ ಈ ವೈಚಿತ್ರ್ಯದಲ್ಲಿ ಹರೆಯದ ಆರೋಗ್ಯದ ಸಮಸ್ಯೆಯ ಒಂದು ಮುಖ್ಯ ಭಾಗ ಅಡಗಿದೆ. ಆ ವಯಸ್ಸಿನ ಮಕ್ಕಳನ್ನು ಕಾಡುವ ಅನೇಕ ತೊಂದರೆಗಳಿಗೆ ಔಷಧ ದುರ್ಲಭವಲ್ಲ, ದುರ್ಲಭವಾಗಿರುವುದು ಮಾತು.

ವಿಶ್ವ ಆರೋಗ್ಯ ಸಂಸ್ಥೆಯು ಹತ್ತರಿಂದ ಹತ್ತೊಂಬತ್ತು ವರ್ಷಗಳ ಅವಧಿಯನ್ನು ಹರೆಯವೆಂದು ಗಣಿಸುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ ಈ ವಯಸ್ಸಿನವರ ಸಂಖ್ಯೆ ಸುಮಾರು 25 ಕೋಟಿ. ಆದರೆ ಈ ಘಟ್ಟಕ್ಕೊಂದು ಪ್ರತ್ಯೇಕ ಸ್ಥಾನ ದೊರೆತುದು ಈಚೆಗೆ. ಹೆಣ್ಣುಮಕ್ಕಳಿಗಂತೂ ಬಾಲ್ಯ ಮತ್ತು ಗೃಹಿಣೀಧರ್ಮಗಳ ನಡುವೆ ಬೇರೆ ಕಾಲವೇ ಇರಲಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷ ತುಂಬದ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ಅದು ಆ ಕಾಲಕ್ಕೆ ದಿಟ್ಟ ಹೆಜ್ಜೆಯೇ ಆಗಿತ್ತು; ಎಂಟು ಎಂಬ ಸಂಖ್ಯೆಯೊಂದೇ ಅಂದಿನ ಸ್ಥಿತಿಯನ್ನು ತಿಳಿಸಲು ಸಾಕು. 1929ರ ಶಾರದಾ ಕಾಯಿದೆ ಈ ಮಿತಿಯನ್ನು ಹದಿನಾಲ್ಕಕ್ಕೂ, 1978ರ ತಿದ್ದುಪಡಿ ಹದಿನೆಂಟಕ್ಕೂ ಏರಿಸಿದವು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಸ್ತ್ರೀಯರ ಪೈಕಿ ಶೇಕಡ 23.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಕಾಯಿದೆಯು ಕೊಟ್ಟ ಹರೆಯ ಎಲ್ಲರಿಗೂ ದಕ್ಕಿಲ್ಲವೆಂದೇ ಇದರ ಅರ್ಥ.

ದೇಹದ ಗಡಿಯಾರ

ಹರೆಯದ ಆರಂಭ ಮೈಮೇಲೆ ಕಾಣಿಸುವ ಮುಂಚೆಯೇ ಮಿದುಳಿನಲ್ಲಿ ಆಗುತ್ತದೆ. ಮಿದುಳಿನ ತಳದ ಹೈಪೊಥಲಾಮಸ್ ಎಂಬ ಭಾಗವು ಬಾಲ್ಯದಲ್ಲಿ ಬಹುಮಟ್ಟಿಗೆ ತಟಸ್ಥವಾಗಿದ್ದು, ತಕ್ಕ ಕಾಲದಲ್ಲಿ, ಮೊದಮೊದಲು ರಾತ್ರಿಯ ನಿದ್ರೆಯ ವೇಳೆಯಲ್ಲಿ, ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು ಸ್ರವಿಸತೊಡಗುತ್ತದೆ. ಅದರ ಪ್ರೇರಣೆಯಿಂದ ಪಿಟ್ಯುಟರಿ ಗ್ರಂಥಿಯೂ, ಅದರ ಪ್ರೇರಣೆಯಿಂದ ಹುಡುಗಿಯರಲ್ಲಿ ಅಂಡಾಶಯ, ಹುಡುಗರಲ್ಲಿ ವೃಷಣಗಳೂ ಎಚ್ಚರಗೊಳ್ಳುತ್ತವೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಎಂಟರಿಂದ ಹದಿಮೂರರ ನಡುವೆ, ಹುಡುಗರಲ್ಲಿ ಒಂಬತ್ತರಿಂದ ಹದಿನಾಲ್ಕರ ನಡುವೆ ಇದರ ಮೊದಲ ಚಿಹ್ನೆಗಳು ತೋರುತ್ತವೆ. ಎತ್ತರ ಅತಿ ವೇಗವಾಗಿ ಬೆಳೆಯುವುದು ಹುಡುಗಿಯರಿಗೆ ಸುಮಾರು ಹನ್ನೆರಡರಲ್ಲಿ, ಹುಡುಗರಿಗೆ ಸುಮಾರು ಹದಿನಾಲ್ಕರಲ್ಲಿ. ಏಳನೆಯ ತರಗತಿಯ ಹುಡುಗಿಯರು ಹುಡುಗರಿಗಿಂತ ಎತ್ತರವಾಗಿ ಕಾಣುವುದಕ್ಕೂ, ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದು ತಲೆಕೆಳಗಾಗುವುದಕ್ಕೂ ಇದೇ ಕಾರಣ.

ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಎಂಬ ವೈದ್ಯವಿದ್ವಾಂಸರು ಮಕ್ಕಳನ್ನು ವರ್ಷಾನುವರ್ಷ ಅಳೆದು ನೋಡಿ ಈ ಬೆಳವಣಿಗೆಯನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ಮೆಟ್ಟಿಲುಗಳ ಕ್ರಮ ಎಲ್ಲರಲ್ಲಿಯೂ ಬಹುತೇಕ ಒಂದೇ, ಹತ್ತುವ ವೇಗ ಮಾತ್ರ ಒಬ್ಬೊಬ್ಬರದು ಒಂದೊಂದು ಎಂಬುದು ಅವರ ಅಧ್ಯಯನದಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ನೆರೆಮನೆಯ ಮಗುವಿನೊಡನೆ ತಮ್ಮ ಮಗುವನ್ನು ಹೋಲಿಸಿ ಹಳಿಯುವುದು ಅರ್ಥವಿಲ್ಲದ ಮಾತು. ಆದರೆ ಹುಡುಗಿಯರಲ್ಲಿ ಎಂಟಕ್ಕೆ, ಹುಡುಗರಲ್ಲಿ ಒಂಬತ್ತಕ್ಕೆ ಮೊದಲೇ ಚಿಹ್ನೆಗಳು ತೋರಿದರೂ, ಹದಿಮೂರು ಅಥವಾ ಹದಿನಾಲ್ಕಾದರೂ ತೋರದಿದ್ದರೂ, ಹದಿನೈದಾದರೂ ಹುಡುಗಿ ಋತುಮತಿಯಾಗದಿದ್ದರೂ ವೈದ್ಯರಿಗೆ ತೋರಿಸುವುದು ಉಚಿತ.

ಹುಡುಗರ ಭೀತಿ ಬೇರೆ ಬಗೆಯದು. ಧ್ವನಿ ಒಡೆಯುವುದು, ಮುಖದಲ್ಲಿ ಮೊಡವೆ, ಕೆಲಕಾಲ ಎದೆ ತುಸು ಉಬ್ಬುವುದು, ಸ್ವಪ್ನದಲ್ಲಿ ಸ್ಖಲನವಾಗುವುದು, ಇವೆಲ್ಲ ಈ ವಯಸ್ಸಿನ ಸಹಜಧರ್ಮಗಳು. ಸ್ವಪ್ನಸ್ಖಲನದಿಂದ ಶಕ್ತಿ ಕುಂದುತ್ತದೆಂಬ ನಂಬಿಕೆಗೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಆದರೂ ಈ ಒಂದು ಭಯವನ್ನೇ ಬಂಡವಾಳ ಮಾಡಿಕೊಂಡ ನಕಲಿ ವೈದ್ಯರು ಗೋಡೆಬರಹಗಳ ಮೂಲಕ ಹುಡುಗರನ್ನು ಸೆಳೆಯುತ್ತಾರೆ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1927ರಿಂದ 1953ರವರೆಗೆ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆ ನಡೆಸಿ ಇಂಥ ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಬರೆದರು. ಅದಕ್ಕಾಗಿ ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರರು. ಕನ್ನಡದಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರು ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಮೊದಲಾದ ಗ್ರಂಥಗಳಿಂದ ಇಂಥದೇ ಸೇವೆ ಸಲ್ಲಿಸಿದರು.

ರಕ್ತದ ಜಮಾಖರ್ಚು

ಹರೆಯದ ತೊಂದರೆಗಳಲ್ಲಿ ಅತ್ಯಂತ ವ್ಯಾಪಕವಾದುದು, ಆದರೂ ಅತ್ಯಂತ ಕಡಿಮೆ ಗಮನಕ್ಕೆ ಬರುವುದು ರಕ್ತಹೀನತೆ. 2019–21ರ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನ ಹುಡುಗಿಯರಲ್ಲಿ ಶೇಕಡ 59.1ರಷ್ಟು, ಹುಡುಗರಲ್ಲಿ ಶೇಕಡ 31.1ರಷ್ಟು ಮಂದಿ ರಕ್ತಹೀನರೆಂದು ಕಂಡುಬಂದಿತು. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿಗಳು 54.1 ಮತ್ತು 29.2 ಆಗಿದ್ದವು. ಅಂದರೆ ವ್ಯಾಧಿ ಇಳಿಮುಖವಾಗುವ ಬದಲು ಏರುಮುಖವಾಗಿತ್ತು.

ಇದರ ಲೆಕ್ಕ ಸರಳವಾದುದು. ದೇಹ ಬೆಳೆದಂತೆ ರಕ್ತದ ಪ್ರಮಾಣ ಬೆಳೆಯಬೇಕು. ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಕಬ್ಬಿಣಾಂಶ ಬೇಕು. ಹುಡುಗರಲ್ಲಿ ಮಾಂಸಖಂಡಗಳ ಬೆಳವಣಿಗೆ ಅದರ ಒಂದು ಪಾಲನ್ನು ಕೇಳುತ್ತದೆ. ಹುಡುಗಿಯರಲ್ಲಿ ಪ್ರತಿ ಮುಟ್ಟಿನಲ್ಲಿಯೂ ಸಾಮಾನ್ಯವಾಗಿ ಮೂವತ್ತು–ನಲವತ್ತು ಮಿಲಿಲೀಟರ್ ರಕ್ತ ಹೋಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುವುದರಿಂದ, ತಿಂಗಳಿಗೆ ಹದಿನೈದು–ಇಪ್ಪತ್ತು ಮಿಲಿಗ್ರಾಂ ಖರ್ಚಾದಂತಾಯಿತು. ಇದು ಅಲ್ಪವೆಂದು ತೋರಬಹುದು. ಆದರೆ ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣದಲ್ಲಿ ಸಣ್ಣ ಪಾಲನ್ನು ಮಾತ್ರ ಕರುಳು ಹೀರಿಕೊಳ್ಳಬಲ್ಲದು. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹದಿಮೂರರಿಂದ ಹದಿನೈದು ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ, ಹುಡುಗನಿಗೆ 22 ಮಿಲಿಗ್ರಾಂ ಕಬ್ಬಿಣವನ್ನು ವಿಧಿಸಿತು. ಹುಡುಗಿಗೆ ಹೆಚ್ಚು ಬೇಕು. ಎಲ್ಲರ ಊಟವಾದ ಮೇಲೆ ಕೊನೆಗೆ ಕೂರುವವಳಿಗೆ ಹಲವು ಮನೆಗಳಲ್ಲಿ ಕಡಿಮೆ ದೊರೆಯುತ್ತದೆ. ಜಮೆಗಿಂತ ಖರ್ಚು ಹೆಚ್ಚಾದ ಖಾತೆ ಬರಿದಾಗುವುದರಲ್ಲಿ ಆಶ್ಚರ್ಯವೇನು?

ರಕ್ತಹೀನತೆಯು ಜ್ವರದಂತೆ ಕಾಣಿಸಿಕೊಳ್ಳುವ ರೋಗವಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಓದಿದ್ದು ತಲೆಗೆ ಹತ್ತದಿರುವುದು, ಸದಾ ಆಯಾಸ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಚಪಲವೂ ಹಲವು ವೇಳೆ ಕಬ್ಬಿಣದ ಕೊರತೆಯ ಗುರುತಾಗಿರುತ್ತದೆ. ಮನೆಯವರು ಇದನ್ನು ಸೋಮಾರಿತನವೆಂದೂ ಶಾಲೆಯವರು ದಡ್ಡತನವೆಂದೂ ತಿಳಿಯುತ್ತಾರೆ. ಒಂದು ರಕ್ತಪರೀಕ್ಷೆಯಿಂದ ತೀರಬಹುದಾದ ಆರೋಪವನ್ನು ಮಗು ವರ್ಷಗಟ್ಟಲೆ ಹೊರಬೇಕಾಗುತ್ತದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ (ಹದಿನೈದು ದಾಟಿದ ಹುಡುಗರಲ್ಲಿ 13ಕ್ಕಿಂತ ಕಡಿಮೆಯಿದ್ದರೆ) ಅದು ರಕ್ತಹೀನತೆ.

ಪರಿಹಾರದ ಬಹುಭಾಗ ಅಡುಗೆಮನೆಯಲ್ಲಿಯೇ ಇದೆ. ಸೊಪ್ಪಿನ ಹುಳಿ, ಹುರುಳಿ, ಹೆಸರು, ಅಲಸಂದೆಗಳ ಉಸಲಿ, ಮಾಂಸಾಹಾರಿಗಳಿಗೆ ಮೀನು–ಮಾಂಸ, ಇವು ಕಬ್ಬಿಣಾಂಶದ ಆಕರಗಳು. ಕಾಳನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ. ಕೋಸಂಬರಿಗೆ ಹಿಂಡುವ ನಿಂಬೆಹಣ್ಣಿನಲ್ಲಿರುವ ಸಿ ಜೀವಸತ್ವವು ಕಬ್ಬಿಣ ರಕ್ತಗತವಾಗಲು ನೆರವಾಗುತ್ತದೆ. ಊಟದೊಡನೆ ಕುಡಿಯುವ ಚಹಾ, ಕಾಫಿಗಳು ಇದಕ್ಕೆ ವಿರುದ್ಧ. ಅವುಗಳಿಗೂ ಊಟಕ್ಕೂ ಒಂದು ಗಂಟೆಯ ಅಂತರವಿರುವುದು ಲೇಸು. ರಾಗಿಯು ಸುಣ್ಣಾಂಶಕ್ಕೆ ಪ್ರಸಿದ್ಧವಾದುದು: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು. ಮುಪ್ಪಿನವರೆಗೆ ದುಡಿಯಬೇಕಾದ ಮೂಳೆಯ ಠೇವಣಿಯ ಬಹುಭಾಗ ಜಮೆಯಾಗುವುದು ಹರೆಯದಲ್ಲಿಯೇ ಆದುದರಿಂದ ರಾಗಿಮುದ್ದೆ, ಅಂಬಲಿಗಳನ್ನು ಹಳ್ಳಿಯ ಊಟವೆಂದು ನಗರದ ಮಕ್ಕಳಿಂದ ದೂರವಿಡುವುದು ಸಲ್ಲದು.

ಆಹಾರವೊಂದರಿಂದಲೇ ಸಾಲದಾದಾಗ ಸರಕಾರಿ ಯೋಜನೆಯ ನೀಲಿ ಗುಳಿಗೆ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದ್ದು, ಶಾಲೆಗಳಲ್ಲಿ ವಾರಕ್ಕೊಂದರಂತೆ ಊಟವಾದ ಮೇಲೆ ಕೊಡುವ ಏರ್ಪಾಡಿದೆ. ಮಲ ಕಪ್ಪಾಗುವುದನ್ನು ಕಂಡು ಹೆದರಿ ಗುಳಿಗೆ ಬಿಸುಡುವ ಮಕ್ಕಳುಂಟು. ಅದು ನಿರಪಾಯಕರವೆಂದು ಮೊದಲೇ ತಿಳಿಸಬೇಕು. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುವುದರಿಂದ ವರ್ಷಕ್ಕೆರಡು ಬಾರಿ ಆಲ್ಬೆಂಡಜೋಲ್ ಕೊಡುವ ಪದ್ಧತಿಯೂ ಇದರ ಜೊತೆಗಿದೆ. ರಕ್ತಹೀನತೆಯೆಲ್ಲವೂ ಕಬ್ಬಿಣದ ಕೊರತೆಯಿಂದಲೇ ಬರುವುದಲ್ಲ. ಬಿ12 ಜೀವಸತ್ವದ ಅಭಾವ, ವಂಶಾನುಗತವಾದ ಥಲಸ್ಸೀಮಿಯಾಗಳೂ ಕಾರಣವಾಗಬಹುದಾದ್ದರಿಂದ ಗುಣ ಕಾಣದಿದ್ದರೆ ವೈದ್ಯರ ಸಲಹೆ ಅಗತ್ಯ.

ಸೂತಕವೆಂಬ ಮೌನ

ಮುಟ್ಟಿನ ರಕ್ತ ಅಶುಚಿಯಾದುದಲ್ಲ. ಗರ್ಭಕೋಶವು ಸಿದ್ಧಗೊಳಿಸಿದ ಒಳಪದರ ಉಪಯೋಗಕ್ಕೆ ಬಾರದೆ ಕಳಚಿ ಬೀಳುವುದಷ್ಟೆ. ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದೆಂಬುದನ್ನು ಕನ್ನಡಿಗರು ನೆನೆಯಬೇಕು. ಎಂಟು ಶತಮಾನ ಕಳೆದ ಮೇಲೆಯೂ ಹುಡುಗಿಗೆ ತಾನು ಒದ್ದೆಬಟ್ಟೆಯನ್ನು ಕತ್ತಲೆಯ ಮೂಲೆಯಲ್ಲಿ ಒಣಗಿಸಬೇಕೆನ್ನಿಸುತ್ತಿದ್ದರೆ ತಪ್ಪು ಅವಳದಲ್ಲ. ಬಟ್ಟೆಯಾದರೆ ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಯಾವುದನ್ನು ಬಳಸಿದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸತಕ್ಕದ್ದು. ಏಳು ದಿನ ಮೀರಿದ ಸ್ರಾವ, ಗಂಟೆಗೊಮ್ಮೆ ಬದಲಿಸಬೇಕಾಗುವಷ್ಟು ಸ್ರಾವ, ಶಾಲೆ ತಪ್ಪಿಸುವಷ್ಟು ನೋವು, ಇವು ಸಹಿಸಿಕೊಳ್ಳತಕ್ಕವಲ್ಲ, ಚಿಕಿತ್ಸೆ ಪಡೆಯತಕ್ಕವು.

ನಿದ್ರೆ ಮತ್ತು ಮನಸ್ಸು

ಹರೆಯದಲ್ಲಿ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಮಕ್ಕಳು ಹೊತ್ತುಮೀರಿ ಎಚ್ಚರವಿರುವುದರಲ್ಲಿ ಹಟದ ಪಾಲಿನಂತೆ ಪ್ರಕೃತಿಯ ಪಾಲೂ ಇದೆ. ಕೈಯಲ್ಲಿ ಬೆಳಗುವ ಮೊಬೈಲ್ ಅದನ್ನು ಇಮ್ಮಡಿಸುತ್ತದೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಹಿಂದೆ ತುಳುನಾಡಿನಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಬೆಳಗಿನ ಜಾವಕ್ಕೇ ಒಲೆಯ ಮುಂದೆ ನಿಲ್ಲುತ್ತಿದ್ದರು. ಆ ಶಾಲೆಗಳು ಬೆಳಗಿಸಿದ ಬದುಕುಗಳು ಅಸಂಖ್ಯ. ಆ ಓದಿಗೆ ಹುಡುಗರು ತೆತ್ತ ಬೆಲೆಯಲ್ಲಿ ನಿದ್ರೆಯೂ ಸೇರಿತ್ತೆಂಬುದನ್ನು ಮಾತ್ರ ಇತಿಹಾಸ ಬರೆಯುವವರು ಮರೆಯುವಂತಿಲ್ಲ.

ಭಾವನೆಗಳನ್ನು ಕೆರಳಿಸುವ ಮಿದುಳಿನ ಭಾಗಗಳು ಮೊದಲು ಪಕ್ವವಾಗಿ, ವಿವೇಚಿಸಿ ತಡೆಯುವ ಮುಂಭಾಗವು ಇಪ್ಪತ್ತೈದರ ಸಮೀಪದವರೆಗೂ ಬೆಳೆಯುತ್ತಿರುತ್ತದೆ. ಮಕ್ಕಳ ಸಿಟ್ಟು, ಸಾಹಸ, ಗೆಳೆಯರ ಮಾತಿಗೆ ಮರುಳಾಗುವಿಕೆ ಇವುಗಳಿಗೆ ಇದು ಒಂದು ಕಾರಣ. ತಂಬಾಕಿನ ಚಟ ಅಂಟುವುದೂ ಬಹುಮಟ್ಟಿಗೆ ಈ ಕಾಲದಲ್ಲಿಯೇ. ಆದರೆ ವಾರಗಟ್ಟಲೆ ಮಂಕಾಗಿರುವುದು, ಊಟ–ನಿದ್ರೆ–ಗೆಳೆತನಗಳನ್ನು ತೊರೆಯುವುದು, ಸಾಯುವ ಮಾತನಾಡುವುದು ವಯೋಧರ್ಮವಲ್ಲ. ಅಂಥಲ್ಲಿ ಗದರಿಕೆಗಿಂತ ಕಿವಿಗೊಡುವುದೂ ವೈದ್ಯರ ನೆರವೂ ಮುಖ್ಯ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ಹರೆಯದವರಿಗೆಂದೇ ಚಿಕಿತ್ಸಾಲಯಗಳಿವೆ. ಕರ್ನಾಟಕದಲ್ಲಿ ಅವುಗಳ ಹೆಸರು ‘ಸ್ನೇಹ’, ಮಹಾರಾಷ್ಟ್ರದಲ್ಲಿ ‘ಮೈತ್ರಿ’. 2022ರಿಂದ ನಡೆಯುತ್ತಿರುವ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ದೂರವಾಣಿ ಮಾಡಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಾತನಾಡಬಹುದು.

ಪರನಾಡಿನ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಶರೀರದ ಪಾಠವನ್ನು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಓದುತ್ತಾರೆ. ನೋವನ್ನು ತಾಯಿಯೊಡನೆ ಹೇಳಿಕೊಳ್ಳುವುದು ಕನ್ನಡದಲ್ಲಿ. ಹೇಳಲು ಮನೆಮಾತಿನಲ್ಲಿ ಮರ್ಯಾದೆಯ ಪದಗಳಿಲ್ಲದಿದ್ದರೆ ಮಗು ಸುಮ್ಮನಾಗುತ್ತದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಹಿರಿಯರ ಗಾದೆ. ಹರೆಯದ ಮಕ್ಕಳ ಮಟ್ಟಿಗೆ ಊಟದಂತೆ ಮಾತೂ ಔಷಧವೇ. ಅದನ್ನು ಮೊದಲು ಆಡಬೇಕಾದವರು ಹಿರಿಯರು.